ಸಹಿ ಹಾಕಿದ ಮೇಲೆ ಕಾನೂನಿಗೇನು ಕೆಲಸ?

ತಾನೇ ಒಪ್ಪಿ ಸಹಿ ಹಾಕಿದ ನೌಕರ ಎಷ್ಟು ಹೊತ್ತು ದುಡಿದರೆ ಸರ್ಕಾರಕ್ಕೇನು ಎಂದು ಕೆಲವರು ಕೇಳುತ್ತಾರೆ. ಆ ಸಹಿಯನ್ನೇ ತುಸು ಹತ್ತಿರದಿಂದ ನೋಡೋಣ. ನನ್ನ ಮೊದಲ ನೇಮಕಾತಿ ಪತ್ರದ ಹನ್ನೊಂದನೆಯ ಪುಟದಲ್ಲಿ, ಅಗತ್ಯಕ್ಕೆ ತಕ್ಕಂತೆ ಹೆಚ್ಚುವರಿ ಸಮಯ ದುಡಿಯತಕ್ಕದ್ದು ಎಂಬ ಸಾಲಿತ್ತು. ಅಷ್ಟರಲ್ಲಾಗಲೇ ಬಾಡಿಗೆ ಮನೆಗೆ ಮುಂಗಡ ಕೊಟ್ಟಿದ್ದ ನಾನು ಅದರ ಬಗ್ಗೆ ಚೌಕಾಸಿ ಮಾಡುವ ಸ್ಥಿತಿಯಲ್ಲಿರಲಿಲ್ಲ.

ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಹಾಕಿ, ಅದನ್ನು ಮೀರಿದ ದುಡಿಮೆಗೆ ದುಪ್ಪಟ್ಟು ಕೂಲಿ ವಿಧಿಸಿದೆ. ನನ್ನ ಮಟ್ಟಿಗೆ ಮಿತಿಗಿಂತಲೂ ಈ ದುಪ್ಪಟ್ಟು ಕೂಲಿಯೇ ಮುಖ್ಯ: ಹೆಚ್ಚುವರಿ ಗಂಟೆ ಪುಕ್ಕಟೆ ಸಿಗುವುದಿಲ್ಲ ಎಂದಾದಾಗ, ಇಬ್ಬರ ಕೆಲಸವನ್ನು ಒಬ್ಬರ ಮೇಲೆ ಹೇರುವ ಬದಲು ಇನ್ನೊಬ್ಬರನ್ನು ನೇಮಿಸಿಕೊಳ್ಳುವುದೇ ಲಾಭವೆಂಬ ಲೆಕ್ಕ ಮಾಲೀಕರಿಗೇ ಹೊಳೆಯುತ್ತದೆ.

2023ರಲ್ಲಿ ರಾಜ್ಯವು ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಗಳ ಮಿತಿಯನ್ನು ಉಳಿಸಿಕೊಂಡೇ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಅವಕಾಶ ಕೊಟ್ಟಿತು. ಅದಕ್ಕೆ ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕೆಂದಿತ್ತು, ನಿಜ. ಆದರೆ ಪಾಳಿಯ ಮೇಲ್ವಿಚಾರಕರು ಎದುರು ನಿಂತು ಪೆನ್ನು ಚಾಚಿದಾಗ ಬೇಡ ಎನ್ನುವವರು ಎಷ್ಟು ಮಂದಿ? ಸಂಬಳ, ಬಡ್ತಿಗಳನ್ನು ಮಾಲೀಕರು, ನೌಕರರು ಇಬ್ಬರೂ ಮಾತಾಡಿಕೊಳ್ಳಲಿ, ನನ್ನ ತಕರಾರಿಲ್ಲ. ಗಂಟೆಗಳ ಮಿತಿ ಮಾತ್ರ ಆ ಮಾತುಕತೆಯ ಹೊರಗಿರಬೇಕು.