ಬ್ರಾಕೆಟ್ಟಿನಲ್ಲಿ ನಿಂತ ಹುಡುಗಿ

ಡಲ್ಲಾಸ್ ಹತ್ತಿರದ ಒಂದು ಊರಿನಿಂದ ಒಬ್ಬರು ಅಪ್ಪ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಕೋಚೂ ಅವರೇ, ಅಪ್ಪನೂ ಅವರೇ. ಹಾಗಾಗಿ ಕೋಚಪ್ಪ ಅಂತ ಕರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ. ನಿಮ್ಮ ಪತ್ರ ಮೊದಲ ಸಲ ಓದಿದಾಗ ನಕ್ಕೆ. ಎರಡನೇ ಸಲ ಓದಿದಾಗ ಸಿಟ್ಟು ಬಂತು.

ಉಳಿದವರಿಗೆ ವಿಷಯ ಹೇಳಿಬಿಡುತ್ತೇನೆ. ಹತ್ತು ವರ್ಷದ ಹುಡುಗಿಯರ ಸಾಫ್ಟ್‌ಬಾಲ್ ತಂಡ. ಈ ಸೀಸನ್‌ಗೆ ಹೊಸದಾಗಿ ಕಟ್ಟಿದ್ದು. ಹನ್ನೊಂದು ಮಕ್ಕಳು, ಅದರಲ್ಲಿ ಎಂಟು ಜನ ಮೊದಲ ಸಲ ಗ್ಲೌಸ್ ಹಾಕಿದವರು. ಕೋಚ್ ಆಗೋಕೆ ಬೇರೆ ಯಾವ ಅಪ್ಪ-ಅಮ್ಮನೂ ಕೈ ಎತ್ತಲಿಲ್ಲ. ದಾವಣಗೆರೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿದ ಧೈರ್ಯದ ಮೇಲೆ ಇವರು ಎತ್ತಿದರು. ಆರು ಶನಿವಾರ, ಆರು ಸೋಲು. 15–2, 15–4, ಕಳೆದ ವಾರ 15–1. ಪ್ರತಿ ಸೋಲಿನ ನಂತರ ಮಕ್ಕಳನ್ನು ಹುಲ್ಲಿನ ಮೇಲೆ ಕೂರಿಸಿ ಹತ್ತು ನಿಮಿಷ ಧೈರ್ಯ ಹೇಳುತ್ತಾರೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಸಾಫ್ಟ್‌ಬಾಲ್ ತಂಡ ಸಾಲಾಗಿ ಮೂರು ಪಂದ್ಯ ಸೋತು, ಆಮೇಲೆ ಚಿನ್ನ ಗೆದ್ದ ಕಥೆಯನ್ನೂ ಹೇಳಿದ್ದಾರಂತೆ. ಆದರೂ ಇಬ್ಬರು ಮಕ್ಕಳು ಪ್ರಾಕ್ಟೀಸ್‌ಗೆ ಬರೋದು ಬಿಟ್ಟಿದ್ದಾರೆ. ಮಗಳಿಗೆ ಶುಕ್ರವಾರ ರಾತ್ರಿ ಹೊಟ್ಟೆನೋವು ಬರುತ್ತದೆ. ಪಿಜ್ಜಾದಿಂದ ಇರಬೇಕು ಅಂತ ಶುಕ್ರವಾರದ ಪಿಜ್ಜಾ ನಿಲ್ಲಿಸಿದ್ದಾರೆ. ಮಕ್ಕಳ ಉತ್ಸಾಹ ಕುಗ್ಗದ ಹಾಗೆ ಏನು ಮಾಡಲಿ ಅನ್ನೋದು ಪ್ರಶ್ನೆ.

ಕೋಚಪ್ಪನವರೇ, ನೀವು ಎರಡೂವರೆ ಪುಟ ಬರೆದಿದ್ದೀರಿ. ಅದರಲ್ಲಿ ಮುಖ್ಯವಾದ ಮಾತು ಎರಡನೇ ಪುಟದ ನಡುವೆ, ಬ್ರಾಕೆಟ್ ಒಳಗಿದೆ. '(ಪಿಚಿಂಗ್ ನಮ್ಮ ಮಗಳೇ ಮಾಡುತ್ತಾಳೆ, ಬೇರೆ ಯಾರಿಗೂ ಬರುವುದಿಲ್ಲ.)' ಅಷ್ಟೇ. ಆಮೇಲೆ ಮತ್ತೆ ಉತ್ಸಾಹದ ವಿಷಯಕ್ಕೆ ಹೋಗಿದ್ದೀರಿ.

ಈ ಆಟ ನನಗೆ ಸ್ವಲ್ಪ ಗೊತ್ತು. ಮಗನ ಮನೆಗೆ ಹೋಗಿ ಆರು ತಿಂಗಳು ಇದ್ದಾಗ ಪ್ರತಿ ಶನಿವಾರ ಮಡಚೋ ಕುರ್ಚಿ ಹೊತ್ತುಕೊಂಡು ಮೊಮ್ಮಗಳ ಆಟ ನೋಡೋಕೆ ಹೋಗುತ್ತಿದ್ದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪಿಚರ್ ಆದವಳು 35 ಅಡಿ ದೂರದಿಂದ, ತೋಳನ್ನು ಗಾಳಿಗಿರಣಿ ಥರ ಒಂದು ಸುತ್ತು ಸುತ್ತಿಸಿ, ಕೆಳಗಿನಿಂದ ಚೆಂಡು ಎಸೆಯಬೇಕು. ಚೆಂಡಿನ ಸುತ್ತಳತೆ 11 ಇಂಚು. ಹೆಸರು ಮಾತ್ರ ಸಾಫ್ಟ್, ಮೊಣಕಾಲಿಗೆ ಬಿದ್ದಾಗ ಗೊತ್ತಾಗುತ್ತದೆ. ಚೆಂಡು ಬ್ಯಾಟರ್‌ನ ಎದೆ-ಮೊಣಕಾಲಿನ ನಡುವೆ, ಅವಳ ಪಕ್ಕ ನೆಲದಲ್ಲಿ ಹಾಸಿರೋ ಪ್ಲೇಟಿನ ಮೇಲೆ ಹಾದುಹೋಗಬೇಕು. ಎದುರಿಗಿರೋದು ನಾಲ್ಕಡಿಯ ಹುಡುಗಿ, ಅಂದರೆ ಆ ಜಾಗ ಒಂದು ಸಣ್ಣ ಕಿಟಕಿಯಷ್ಟು. ನಾಲ್ಕು ಸಲ ತಪ್ಪಿದರೆ ಬ್ಯಾಟರ್ ಸುಮ್ನೆ ನಡ್ಕೊಂಡು ಫಸ್ಟ್ ಬೇಸ್‌ಗೆ ಹೋಗುತ್ತಾಳೆ. ಅದಕ್ಕೆ ವಾಕ್ ಅಂತಲೇ ಹೆಸರು.

ಈಗ ನಿಮ್ಮ ಸ್ಕೋರು ನೋಡಿ. ನಿಮ್ಮ ಲೀಗಿನಲ್ಲಿ ಒಂದು ಇನ್ನಿಂಗ್ಸ್‌ಗೆ ಐದೇ ರನ್, ಟೈಮ್ ಮುಗಿಯೋದರೊಳಗೆ ಮೂರು ಇನ್ನಿಂಗ್ಸ್ ಆದರೆ ಹೆಚ್ಚು ಅಂತ ನೀವೇ ಬರೆದಿದ್ದೀರಿ. ಹಾಗಾದರೆ 15 ಅಂದರೆ ಏನು? ಮೂರು ಸಲವೂ ಎದುರಾಳಿ ಐದು ರನ್ ತುಂಬಿಸಿಕೊಂಡು ಹೋಗಿದ್ದಾರೆ. ನಿಮ್ಮ ಮಕ್ಕಳು ಮೂರು ಜನರನ್ನು ಔಟ್ ಮಾಡಿ ಒಂದು ಇನ್ನಿಂಗ್ಸನ್ನೂ ತಾವಾಗಿ ಮುಗಿಸಿಲ್ಲ. ಬರೀ ವಾಕ್‌ನಿಂದಲೇ ಐದು ರನ್ ಹೋಗಬೇಕಾದರೆ ಎಂಟು ಜನ ನಡೆಯಬೇಕು: ಮೊದಲ ಮೂವರು ಮೂರು ಬೇಸ್ ತುಂಬುತ್ತಾರೆ, ಆಮೇಲೆ ನಡೆಯುವ ಒಬ್ಬೊಬ್ಬಳೂ ಮುಂದಿನವಳನ್ನು ಪ್ಲೇಟಿಗೆ ವಾಪಸ್ ತಳ್ಳುತ್ತಾಳೆ, ಅದೇ ಒಂದು ರನ್. ಅಂದರೆ ಕಡಿಮೆ ಅಂದ್ರೂ 32 ಚೆಂಡು ತಪ್ಪಬೇಕು. ಆ 32 ಚೆಂಡಿನ ಹೊತ್ತು ಉಳಿದವರು ಏನು ಮಾಡುತ್ತಾರೆ? ನಾನು ನೋಡಿದ್ದೇನೆ. ರೈಟ್ ಫೀಲ್ಡಿನವಳು ಹುಲ್ಲಿನಲ್ಲಿ ಹಳದಿ ಹೂವು ಕೀಳುತ್ತಾಳೆ. ಸೆಕೆಂಡ್ ಬೇಸಿನವಳು ಶೂ ತುದಿಯಿಂದ ಮಣ್ಣಿನಲ್ಲಿ ಬೆಕ್ಕಿನ ಚಿತ್ರ ಬರೆಯುತ್ತಾಳೆ. ನಡುವೆ ಒಬ್ಬಳು ಮಾತ್ರ ಎಸೆಯುತ್ತಲೇ ಇರುತ್ತಾಳೆ, ಎಲ್ಲರೂ ಅವಳನ್ನೇ ನೋಡುತ್ತಿರುತ್ತಾರೆ. ಅವಳು ಪ್ರತಿ ಚೆಂಡು ಎಸೆದ ಮೇಲೂ ಒಂದು ಸಲ ಅಪ್ಪನ ಮುಖ ನೋಡುತ್ತಾಳೆ. ಹೌದಾ, ಇಲ್ವಾ?

ಹೊಟ್ಟೆನೋವು ಪಿಜ್ಜಾದ್ದಲ್ಲ ಸ್ವಾಮಿ.

ನನ್ನದೊಂದು ಕಥೆ ಹೇಳುತ್ತೇನೆ. ಹೈಸ್ಕೂಲಿನಲ್ಲಿ ನಾನು ಖೋ-ಖೋ ತಂಡದಲ್ಲಿದ್ದೆ. ತಾಲ್ಲೂಕು ಮಟ್ಟದ ಪಂದ್ಯ. ಸಾಲಿನಲ್ಲಿ ಎಂಟು ಜನ ಕೂರುತ್ತೇವೆ, ಒಬ್ಬರು ಈ ಕಡೆ ಮುಖ, ಒಬ್ಬರು ಆ ಕಡೆ. ನಮ್ಮ ಪಿ.ಟಿ. ಮೇಷ್ಟ್ರಿಗೆ ಗೆಲ್ಲಬೇಕಿತ್ತು. ಚೆನ್ನಾಗಿ ಓಡುವ ಮೂವರ ಹೆಸರು ಹೇಳಿ, ಖೋ ಅವರಿಗೇ ಕೊಡಿ ಅಂದಿದ್ದರು. ನಾನು ಆ ಮೂವರಲ್ಲಿ ಇರಲಿಲ್ಲ. ಇಡೀ ಹೊತ್ತು ಬಗ್ಗಿ ಕೂತಿದ್ದೆ, ಎರಡೂ ಅಂಗೈ ನೆಲಕ್ಕೆ ಊರಿ, ಈಗ ಬೀಳುತ್ತೆ, ಈಗ ಬೀಳುತ್ತೆ ಅಂತ. ಬೆನ್ನಿಗೆ ಒಂದೇ ಒಂದು ಖೋ ಬೀಳಲಿಲ್ಲ. ಎದ್ದಾಗ ಅಂಗೈಯಲ್ಲಿ ಸಣ್ಣ ಕಲ್ಲುಗಳ ಅಚ್ಚು ಮೂಡಿತ್ತು. ಆ ಪಂದ್ಯ ನಾವು ಗೆದ್ದೆವು. ಮನೆಗೆ ಬಂದು ಹಿತ್ತಲಲ್ಲಿ ಕೂತು ಅತ್ತೆ. ಗೆದ್ದು ಬಂದು ಯಾಕೆ ಅಳ್ತೀಯೇ ಅಂತ ಅಮ್ಮನಿಗೆ ಅರ್ಥವೇ ಆಗಲಿಲ್ಲ.

ಪ್ರಾಕ್ಟೀಸ್‌ಗೆ ಬರೋದು ಬಿಟ್ಟ ಆ ಇಬ್ಬರು ಮಕ್ಕಳು ಸೋತದ್ದಕ್ಕೆ ಬಿಟ್ಟರು ಅಂತ ನೀವು ಅಂದುಕೊಂಡಿದ್ದೀರಿ. ಒಂದು ಸಲ ಕೇಳಿ ನೋಡಿ, ಆರು ಶನಿವಾರದಲ್ಲಿ ಅವರ ಹತ್ತಿರ ಚೆಂಡು ಎಷ್ಟು ಸಲ ಬಂದಿತ್ತು ಅಂತ.

ಹಾಗಾಗಿ ಮಾಡಬೇಕಾದದ್ದು ಒಂದೇ. ಮುಂದಿನ ಎರಡು ಶನಿವಾರ ಮಗಳು ಪಿಚ್ ಮಾಡಬಾರದು. ಮೂರು ಇನ್ನಿಂಗ್ಸ್‌ಗೆ ಬೇರೆ ಮೂವರು. ಬೇರೆ ಯಾರಿಗೂ ಬರೋದಿಲ್ಲ ಅನ್ನುತ್ತೀರಿ. ಕ್ಷಮಿಸಿ, ಸ್ಕೋರು ನೋಡಿದರೆ ನಿಮ್ಮ ಮಗಳಿಗೂ ಇನ್ನೂ ಬರೋದಿಲ್ಲ. ಅವಳಿಗೆ ಅದು ನಿಮಗಿಂತ ಮೊದಲು ಗೊತ್ತಾಗಿದೆ. ಪ್ರಾಕ್ಟೀಸ್‌ನಲ್ಲಿ ಎಲ್ಲರ ಕೈಲೂ ಹತ್ತತ್ತು ಚೆಂಡು ಎಸೆಸಿ. ಜೋರಾಗಿ ಎಸೆಯುವವಳನ್ನು ಹುಡುಕಬೇಡಿ. ನಿಧಾನಕ್ಕಾದರೂ ಪ್ಲೇಟಿನ ಮೇಲೆ ಹಾಕುವವಳನ್ನು ಹುಡುಕಿ. ನಿಧಾನದ ಚೆಂಡನ್ನು ಎದುರಾಳಿ ಹೊಡೆಯುತ್ತಾರೆ, ಹೊಡೆಯಲಿ. ಹೊಡೆದರೇ ಅಲ್ವಾ ಚೆಂಡು ಬೆಕ್ಕಿನ ಚಿತ್ರದ ಹತ್ತಿರ ಬರೋದು? ಆವತ್ತೂ 15–2 ಆಗಬಹುದು. ಆದರೆ ಆ ಹೊತ್ತಿನಲ್ಲಿ ಒಂಬತ್ತು ಜನರೂ ಓಡಿರುತ್ತಾರೆ.

ಮಗಳಿಗೆ ಹೇಳೋದು ಹೇಗೆ ಅನ್ನೋದೇ ಕಷ್ಟದ ಭಾಗ. ಶನಿವಾರ ಮೈದಾನದಲ್ಲಿ ಹೇಳಬೇಡಿ. ಬುಧವಾರವೋ ಗುರುವಾರವೋ, ಅವಳು ಏನಾದರೂ ತಿನ್ನುತ್ತಿರುವಾಗ ಹೇಳಿ. ನನ್ನ ಹಳೇ ರಾಗ ಇದು, ಈ ಅಂಕಣ ಓದುವವರಿಗೆ ಬಾಯಿಪಾಠ ಆಗಿದೆ: ಮಕ್ಕಳಿಗೆ ಮೊದಲು ಹೊಟ್ಟೆಗೆ, ಆಮೇಲೆ ಕಿವಿಗೆ. 'ನೀನು ಸರಿಯಾಗಿ ಹಾಕ್ತಿಲ್ಲ' ಅನ್ನಬೇಡಿ. 'ನಿನ್ನ ರೆಸ್ಟಿಗೆ' ಅಂತ ಸುಳ್ಳೂ ಬೇಡ, ಹಿಡಿದುಬಿಡುತ್ತಾಳೆ. 'ಪುಟ್ಟಿ, ಎಲ್ಲ ಭಾರ ನಿನ್ನೊಬ್ಬಳ ಮೇಲೆ ಹಾಕಿದ್ದು ನನ್ನ ತಪ್ಪು. ಎರಡು ವಾರ ಸೆಕೆಂಡ್ ಬೇಸ್‌ನಲ್ಲಿ ಆಡ್ತೀಯಾ?' ಅನ್ನಿ. ಅತ್ತರೆ, ಮೂರನೇ ವಾರ ಒಂದೇ ಇನ್ನಿಂಗ್ಸ್ ನಿನಗೆ ಅಂತ ಮಾತು ಕೊಡಿ. ಅಳದೆ ಇನ್ನೊಂದು ದೋಸೆ ಕೇಳಿದರೆ ನಿಮಗೆ ಉತ್ತರ ಸಿಕ್ಕಿತು.

ಹುಲ್ಲಿನ ಮೇಲಿನ ಹತ್ತು ನಿಮಿಷದ ಭಾಷಣ ಇವತ್ತಿಗೇ ನಿಲ್ಲಲಿ. ಸಿಡ್ನಿಯವರು ಒಲಿಂಪಿಕ್ಸ್ ಆಡಿದವರು, ಅದಕ್ಕೆ ಮೊದಲು ನೂರಕ್ಕೂ ಹೆಚ್ಚು ಪಂದ್ಯ ಸಾಲಾಗಿ ಗೆದ್ದು ಬಂದವರು. ಹಸಿದ ಮಕ್ಕಳಿಗೆ ಆ ಕಥೆ ಯಾಕೆ? ಕಿತ್ತಳೆ ಹಣ್ಣು ಹೆಚ್ಚಿಕೊಡಿ, ಮನೆಗೆ ಕಳಿಸಿ.

ಕೊನೆಗೆ ನಿಮ್ಮ ಭಾವ. ಅವರ ಬಗ್ಗೆ ನೀವು 'ತಮಾಷೆಯ ಮನುಷ್ಯ' ಅಂತ ಬರೆದಿದ್ದೀರಿ. ಪ್ರತಿ ಭಾನುವಾರ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ 'ಈ ವಾರವೂ ಚೊಂಬಾ?' ಅಂತ ಕೇಳುವವರು ತಮಾಷೆಯವರಲ್ಲ. ನಿಮ್ಮ ತಲೆಗೆ ಸ್ಕೋರಿನ ಹುಳ ಬಿಟ್ಟವರು ಅವರೇ ಅಂತ ನನ್ನ ಗುಮಾನಿ. ಅವರೂ ಬೆಂಗಳೂರಿನವರೇ ಅಲ್ವಾ? ಆರ್‌ಸಿಬಿಗೋಸ್ಕರ ಹದಿನೇಳು ಸೀಸನ್ 'ಈ ಸಲ ಕಪ್ ನಮ್ದೇ' ಅಂದುಕೊಂಡು ಕಾದು, 2025ರಲ್ಲಿ ಪಟಾಕಿ ಹೊಡೆದಿರುತ್ತಾರೆ. ಹತ್ತು ವರ್ಷದ ಸೊಸೆಗೆ ಆರು ಶನಿವಾರ ಕೊಡೋಕಾಗಲ್ವಂತಾ? ಈ ಸಾಲನ್ನು ಹಾಗೇ ಆ ಗ್ರೂಪಿಗೆ ಹಾಕಿ, ನನ್ನ ಹೆಸರು ಹೇಳಿ.

ಎರಡು ವಾರ ಬಿಟ್ಟು ಬರೆಯಿರಿ. ಸ್ಕೋರು ಬೇಡ. ಮೊದಲ ಔಟ್ ಮಾಡಿದವಳು ಯಾರು, ಆಮೇಲೆ ಏನು ಮಾಡಿದಳು, ಅದನ್ನು ಬರೆಯಿರಿ. ಮತ್ತೆ ಈ ಶುಕ್ರವಾರ ಪಿಜ್ಜಾ ತರಿಸಿ. ಹೊಟ್ಟೆನೋವು ಬರುತ್ತಾ, ನೋಡೋಣ.