ಗ್ಯಾರೇಜಿನಲ್ಲಿ ಶುರುವಾದ ಆರ್ಕ್ಟಿಕ್ ಮಂಕೀಸ್ ಎಂಬ ರಾಕ್ ಬ್ಯಾಂಡ್ ಅಷ್ಟು ಬೇಗ ನಂಬರ್ ಒನ್ ಆಗಿದ್ದು ಹೇಗೆ?

ಹಾಡುಗಳನ್ನು ಪುಕ್ಕಟೆ ಹಂಚಿ. ಮೊದಲ ಆಲ್ಬಮ್ ಅಂಗಡಿಗೆ ಬರುವ ಹೊತ್ತಿಗೆ ಸಾವಿರಾರು ಜನರಿಗೆ ಅದರ ಹಾಡುಗಳು ಆಗಲೇ ಬಾಯಿಪಾಠವಾಗಿದ್ದವು.

ಇವರು ಇಂಗ್ಲೆಂಡಿನ ಶೆಫೀಲ್ಡ್ ಹುಡುಗರು. 2001ರ ಕ್ರಿಸ್‌ಮಸ್‌ಗೆ ಅಲೆಕ್ಸ್ ಟರ್ನರ್ ಮತ್ತು ಜೇಮೀ ಕುಕ್ ಇಬ್ಬರಿಗೂ ಗಿಟಾರ್ ಉಡುಗೊರೆ ಸಿಕ್ಕಿತು. ಮೊದಲ ಕಾರ್ಯಕ್ರಮ 2003ರ ಜೂನ್‌ನಲ್ಲಿ, ಊರಿನ ಒಂದು ಪಬ್‌ನಲ್ಲಿ. ಆಮೇಲೆ ಡೆಮೊಗಳನ್ನು, ಅಂದರೆ ಸ್ಯಾಂಪಲ್ಲಿಗೆ ರೆಕಾರ್ಡ್ ಮಾಡಿದ ಹಾಡುಗಳನ್ನು, ಸಿ.ಡಿ.ಗೆ ಹಾಕಿ ಬಂದವರ ಕೈಗೆ ಸುಮ್ನೆ ಕೊಡುತ್ತಿದ್ದರು. ಸಿ.ಡಿ.ಗಳು ಇದ್ದಿದ್ದೇ ಕೆಲವು. ಸಿಕ್ಕವರು ಕಂಪ್ಯೂಟರಿಗೆ ಇಳಿಸಿಕೊಂಡು ಇಂಟರ್ನೆಟ್ಟಿನಲ್ಲಿ ಹಂಚಿದರು.

ಗುಟ್ಟು ಇರುವುದು ಇಲ್ಲೇ. ಹೊಸ ಬ್ಯಾಂಡ್ ನುಡಿಸುವಾಗ ಜನ ಕೈಕಟ್ಟಿ ನಿಲ್ಲುತ್ತಾರೆ, ಹಾಡು ಗೊತ್ತಿರುವುದಿಲ್ಲವಲ್ಲ. ಇವರು ನುಡಿಸಿದರೆ ಇಡೀ ಹಾಲ್ ಜೊತೆಗೆ ಹಾಡುತ್ತಿತ್ತು. ಪಕ್ಕದಲ್ಲಿ ನಿಂತ ಹೊಸಬನಿಗೆ 'ನಂಗೊಬ್ಬನಿಗೇ ಗೊತ್ತಿಲ್ವಾ?' ಅನಿಸದೆ ಇರುತ್ತಾ? ಮನೆಗೆ ಹೋಗಿ ಹುಡುಕುತ್ತಿದ್ದ. ಮುಂದಿನ ಸಲ ಅವನೂ ಹಾಡುತ್ತಿದ್ದ.

ಮೈಸ್ಪೇಸ್ ಎಂಬ ಸೋಷಿಯಲ್ ಮೀಡಿಯಾ ತಾಣದಿಂದ ಮೇಲೆ ಬಂದರು ಅಂತ ಜಾಸ್ತಿ ಜನ ಹೇಳುತ್ತಾರೆ. ಆದರೆ ಆ ಪುಟ ಮಾಡಿದ್ದು ಅಭಿಮಾನಿಗಳು. ಇನ್ನು ನನ್ನ ಲೆಕ್ಕದಲ್ಲಿ, ಪುಕ್ಕಟೆ ಕೊಟ್ಟರಷ್ಟೇ ಸಾಲದು. ನೈಟ್‌ಕ್ಲಬ್ ಬಾಗಿಲಲ್ಲಿ ತಡೆಯುವವನು, ತಡರಾತ್ರಿಯ ಟ್ಯಾಕ್ಸಿ, ಇಂಥವನ್ನೇ ತಮ್ಮೂರಿನ ಮಾತಿನಲ್ಲಿ ಹಾಡಿದ್ದಕ್ಕೆ ಆ ವಯಸ್ಸಿನವರಿಗೆ ನಾಟಿತು.

2005ರಲ್ಲಿ ಡೊಮಿನೊ ಎಂಬ ಸಣ್ಣ ಸ್ವತಂತ್ರ ಸಂಗೀತ ಕಂಪನಿ ಸೇರಿದರು. ಅದೇ ಅಕ್ಟೋಬರ್‌ನಲ್ಲಿ ಅವರ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ನೇರ ಒಂದನೇ ಸ್ಥಾನಕ್ಕೆ ಬಂತು. 2006ರ ಜನವರಿಯಲ್ಲಿ ಬಂದ ಮೊದಲ ಆಲ್ಬಮ್ ಒಂದೇ ವಾರದಲ್ಲಿ 3.6 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು.