ಇಲಿನಾಯ್‌ನ ಡಿಕ್ಯಾಲ್ಬ್ ಊರಿನ ಈಜಿಪ್ಶಿಯನ್ ಥಿಯೇಟರಿನ ಜಲವರ್ಣ ಚಿತ್ರ ಬರೆದಿದ್ದೇನೆ. ಅದನ್ನು ಮಗುವಿನ ಬಟ್ಟೆ ಮೇಲೆ ಪ್ರಿಂಟ್ ಮಾಡಿಸುವುದು ಹೇಗೆ?

ಬಿಳಿ ಹತ್ತಿ ಬಟ್ಟೆ ತಗೊಳ್ಳಿ, ಡಿಟಿಜಿ ಪ್ರಿಂಟ್ ಮಾಡಿಸಿ. ಅಂದರೆ ಇಂಕ್‌ಜೆಟ್ ಪ್ರಿಂಟರಿನ ಹಾಗೆ ಬಣ್ಣವನ್ನು ನೇರವಾಗಿ ಬಟ್ಟೆಗೇ ಸಿಂಪಡಿಸುವುದು. ಜಲವರ್ಣದಲ್ಲಿ ಬೆಳಕು ಅಂದರೆ ಕಾಗದದ ಬಿಳುಪೇ ಅಲ್ವಾ, ಇಲ್ಲಿ ಆ ಕೆಲಸವನ್ನು ಬಟ್ಟೆಯ ಬಿಳುಪು ಮಾಡುತ್ತದೆ, ಹಾಗಾಗಿ ತೆಳು ಬಣ್ಣಗಳೂ ಚೆನ್ನಾಗಿ ಕಾಣುತ್ತವೆ. ಗಾಢ ಬಣ್ಣದ ಬಟ್ಟೆಯಾದರೆ ಚಿತ್ರದ ಅಡಿಯಲ್ಲಿ ಬಿಳಿ ಇಂಕ್ ಹಾಕಬೇಕು, ಆಗ ಪ್ರಿಂಟ್ ದಪ್ಪಗಾಗುತ್ತದೆ. ಸಬ್ಲಿಮೇಶನ್ (ಬಿಸಿಯಿಂದ ಬಣ್ಣವನ್ನು ಬಟ್ಟೆಗೆ ಇಳಿಸುವ ಪ್ರಿಂಟ್) ಬೇಡ, ಅದು ಹತ್ತಿಗೆ ಹಿಡಿಯುವುದಿಲ್ಲ, ಪಾಲಿಯೆಸ್ಟರ್ ಬೇಕು.

ಸುಮ್ನೆ ಮೊಬೈಲಲ್ಲಿ ಫೋಟೋ ತೆಗೆದು ಕಳಿಸಬೇಡಿ. 300 ಡಿಪಿಐನಲ್ಲಿ (ಅಂದರೆ ಇಂಚಿಗೆ 300 ಚುಕ್ಕಿ) ಸ್ಕ್ಯಾನ್ ಮಾಡಿ. ಕಾಗದದ ಬೂದು ಛಾಯೆ ತೆಗೆಯದಿದ್ದರೆ ಎದೆ ಮೇಲೆ ಮಾಸಲು ಚೌಕ ಕಾಣುತ್ತದೆ.

ಇನ್ನು ಚಿತ್ರ. ಪುಟ್ಟ ಅಂಗಿಯಲ್ಲಿ ಸಿಗುವ ಜಾಗ ಗೇಣುದ್ದವೂ ಇಲ್ಲ. 1922ರಲ್ಲಿ ಪ್ರಾಚೀನ ಈಜಿಪ್ಟಿನ ಫೇರೋ (ರಾಜ) ಟುಟಾಂಖಾಮುನ್ ಸಮಾಧಿ ಸಿಕ್ಕ ಮೇಲೆ ಹಬ್ಬಿದ ಈಜಿಪ್ಟ್ ಹುಚ್ಚಿನಲ್ಲಿ, 1929ರಲ್ಲಿ ಶುರುವಾದ ಥಿಯೇಟರ್ ಇದು; ಎದುರಿನ ಫೇರೋ ಮೂರ್ತಿಗಳೇ ಇದರ ಗುರುತು. ಅವನ್ನು ದೊಡ್ಡದಾಗಿ ಇಟ್ಟುಕೊಂಡು ಕಾರು, ಫುಟ್‌ಪಾತ್, ಅಕ್ಕಪಕ್ಕದ ಅಂಗಡಿ ಎಲ್ಲ ಬಿಟ್ಟುಬಿಡಿ. (ಜೊಲ್ಲಲ್ಲಿ ನೆನೆದ ಫೇರೋ ನೋಡೋಕೆ ನನಗಂತೂ ಇಷ್ಟ.) ತೊಡಿಸುವ ಮೊದಲು ಒಮ್ಮೆ ಒಳಮೈ ಹೊರಗೆ ಮಾಡಿ ಒಗೆಯಿರಿ.